ಅರಿಶಿನ ಹಚ್ಚಿದ್ದು ಮುಖಕ್ಕೆ

ಧಾರವಾಡದ ಕ್ರೀಡಾ ವಸತಿಶಾಲೆಯ ಮೈದಾನದ ಗೇಟಿಗೆ ಸಿದ್ದಿ ಮಕ್ಕಳನ್ನು ಕಂಡರೆ ಅದೇನು ಪ್ರೀತಿಯೋ! ಮುಖ ನೋಡಿ ಗುರುತು ಹಿಡಿದು, ಎದೆಗೆ ಕಟ್ಟಿದ ಪಟ್ಟಿಯಿಂದ ಹೃದಯದ ಬಡಿತ ಓದಿ, ಆಟಗಾರರನ್ನು ಒಳಗೆ ಬಿಡುವ ಯಂತ್ರ ಅದು. ಬೇರೆ ಮಕ್ಕಳಲ್ಲಿ ತಿಂಗಳಿಗೊಬ್ಬರಿಗಾದರೂ ಕೆಂಪು ದೀಪ ತೋರಿಸಿ ನಿಲ್ಲಿಸುತ್ತಿದ್ದ ಆ ಗೇಟು, ಸಿದ್ದಿ ಮಕ್ಕಳು ಬಂದರೆ ಮಾತ್ರ ಒಂದು ಸಲವೂ ಕೊಸರಾಡದೆ ಹಸಿರು ದೀಪ ಹತ್ತಿಸಿ ಬಾಗಿಲು ಬಿಡುತ್ತಿತ್ತು. "ಸಿದ್ದಿಗಳ ಗುಂಡಿಗಿ ಅಂದ್ರ ಗುಂಡಿಗಿ ನೋಡ್ರಿ" ಎಂದು ವಾರ್ಡನ್ನಿನಿಂದ ಹಿಡಿದು ಮಂತ್ರಿಯವರೆಗೆ ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಪುಕ್ಕಟೆ ಸಿಗುವ ಹೊಗಳಿಕೆಯನ್ನು ಬೇಡವೆನ್ನುವವರು ಯಾರು? ಓಟದ ತರಬೇತಿ ಕೊಡುವ ಜೂಲಿಯಾನಾ ಸಿದ್ದಿ ಕೂಡ ಬೇಡ ಅಂದಿರಲಿಲ್ಲ.

ಹೀಗಾಗಿ ಆ ಮಂಗಳವಾರ ಬೆಳಿಗ್ಗೆ ಮಾದೇವಿ ಸಿದ್ದಿ ಗೇಟಿನ ಮುಂದೆ ನಿಂತ ಕೂಡಲೇ ಕೆಂಪು ದೀಪ ಹತ್ತಿ ಸೈರನ್ ಹೊಡೆದುಕೊಂಡಾಗ ಜೂಲಿಯಾನಾಗೆ ನಂಬಲಾಗಲಿಲ್ಲ. ಕೈಯಲ್ಲಿದ್ದ ಚಹಾದ ಲೋಟವನ್ನು ಕಟ್ಟೆಯ ಮೇಲಿಟ್ಟು ಓಡಿದಳು.

ಮಾದೇವಿ ಎಂಟುನೂರು ಮೀಟರ್ ಓಟಗಾರ್ತಿ. ಹಳಿಯಾಳದ ಕಡೆಯ ಹುಡುಗಿ, ವಯಸ್ಸು ಹತ್ತೊಂಬತ್ತು. ಹಿಂದಿನ ದಿನ ಊರಿನಲ್ಲಿ ಅಕ್ಕನ ಮದುವೆ. ಮದುಮಗಳಿಗೆ ಹಚ್ಚಿ ಉಳಿದ ಅರಿಶಿನವನ್ನು ಮದುವೆಯಾಗದ ಹುಡುಗಿಯರ ಮುಖಕ್ಕೆ ಬಳಿಯುವುದು ಅಲ್ಲಿನ ಪದ್ಧತಿ. ಅತ್ತೆಯಂದಿರೆಲ್ಲ ಸೇರಿ ಮಾದೇವಿಯನ್ನು ಹಿಡಿದು ಗೋಡೆಗೆ ಸುಣ್ಣ ಹೊಡೆದಂತೆ ಮೆತ್ತಿದ್ದರು. ತೊಳೆಯಬಾರದು, ತಾನಾಗಿ ಹೋಗಬೇಕು ಎಂದು ಅಜ್ಜಿಯ ಕಟ್ಟಪ್ಪಣೆ. ಹುಡುಗಿ ಹಾಗೇ ತಲೆಗೊಂದು ಟವೆಲ್ ಸುತ್ತಿಕೊಂಡು ಮೊದಲನೇ ಬಸ್ಸು ಹತ್ತಿ ಅಭ್ಯಾಸಕ್ಕೆ ಬಂದುಬಿಟ್ಟಿದ್ದಳು.

ಗೇಟಿನ ಪರದೆಯ ಮೇಲೆ ದಪ್ಪ ಅಕ್ಷರಗಳು ಮೂಡಿದ್ದವು: 'ಹೊಸ ಆಟಗಾರ್ತಿ. ಗುಂಪು ಎರಡು. ಹೃದಯದ ಸ್ನಾಯುವಿನಲ್ಲಿ ದೋಷದ ಶಂಕೆ. ಓಟ ನಿಷಿದ್ಧ. ಆಸ್ಪತ್ರೆಗೆ ತಿಳಿಸಲಾಗಿದೆ.'

"ಅಕ್ಕೋರ, ಇದಕ್ಕೇನಾತ್ರಿ? ನನ್ನ ಗುರ್ತ ಹಿಡೀವಲ್ದು" ಎಂದು ಮಾದೇವಿ ನಗುತ್ತಿದ್ದಳು. ಹಳದಿ ಮುಖದಲ್ಲಿ ಹಲ್ಲು ಮಾತ್ರ ಕಾಣುತ್ತಿತ್ತು.

ಜೂಲಿಯಾನಾ ಬಾಯಿ ತೆರೆಯುವಷ್ಟರಲ್ಲಿ ಬೆಂಗಳೂರಿನಿಂದ ಫೋನ್. ರಾಜ್ಯದ ಎಲ್ಲ ಗೇಟುಗಳನ್ನೂ ನೋಡಿಕೊಳ್ಳುವ ಕೇಂದ್ರದ ಎಂಜಿನಿಯರ್, ಸುಮುಖ ಎಂದು ಹೆಸರು. ತೀರ ಸಭ್ಯ ಹುಡುಗ.

"ಮೇಡಂ, ಕ್ಯಾಮೆರಾದಲ್ಲಿ ನೋಡ್ತಾ ಇದೀನಿ. ಮುಖದ ಮೇಲೆ ಏನೋ ಇದೆ. ಆ ರಿಪೋರ್ಟ್ ಕ್ಯಾನ್ಸಲ್ ಮಾಡಿದೀನಿ, ಗಾಬರಿ ಆಗ್ಬೇಡಿ. ಮುಖ ತೊಳೆಸಿ ಮತ್ತೆ ನಿಲ್ಲಿಸಿ."

ನಲ್ಲಿಯ ನೀರಿನಲ್ಲಿ ಮುಖ ತೊಳೆದು ಮಾದೇವಿ ಮತ್ತೆ ನಿಂತಳು. 'ಮಾದೇವಿ ಸಿದ್ದಿ. ಗುಂಪು ನಾಲ್ಕು. ಹೃದಯ ಸಹಜ.' ಹಸಿರು ದೀಪ ಹತ್ತಿತು, ಬಾಗಿಲು ತೆರೆಯಿತು.

"ಈಗ ಸರಿ ಹೋಯ್ತಲ್ಲ ಮೇಡಂ?" ಎಂದ ಸುಮುಖ.

ಜೂಲಿಯಾನಾಗೆ ತಲೆ ಕೆಟ್ಟುಹೋಯಿತು. "ಏನ್ ಸರಿ ಹೋತಪ್ಪಾ? ಅರಿಶಿಣ ಹಚ್ಚಿದ್ದು ಮುಖಕ್ಕ. ನಿಮ್ಮ ಪಟ್ಟಿ ಕಟ್ಟಿದ್ದು ಎದಿಗೆ. ಮುಖ ತೊಳದ್ರ ಎದಿ ಹ್ಯಾಂಗ ಆರಾಮಾತು?"

"ಅದು ಸ್ವಲ್ಪ ಟೆಕ್ನಿಕಲ್ ಮೇಡಂ."

ಟೆಕ್ನಿಕಲ್ ಎಂದರೆ 'ನನಗೂ ಗೊತ್ತಿಲ್ಲ, ನೀನೂ ಕೇಳಬೇಡ' ಎಂದು ಅರ್ಥ. ಇಪ್ಪತ್ತೈದು ವರ್ಷ ಸರಕಾರಿ ಮೈದಾನಗಳಲ್ಲಿ ಸಿಳ್ಳೆ ಊದಿದ ಜೂಲಿಯಾನಾಗೆ ಅಷ್ಟು ಗೊತ್ತಿತ್ತು.

ಆ ಮಧ್ಯಾಹ್ನವೇ ಆಕೆ ಜಿಲ್ಲಾ ಆಸ್ಪತ್ರೆಗೆ ಹೋಗಿ ಹೃದಯದ ಡಾಕ್ಟರು ಹೊಂಬಳರನ್ನು ಹಿಡಿದಳು. ಎರಡೂ ವರದಿಗಳನ್ನು ಫೋನಿನಲ್ಲಿ ತೋರಿಸಿದಳು. ಹೊಂಬಳರು ಕನ್ನಡಕ ಹಣೆಗೇರಿಸಿ ನೋಡಿದರು.

"ಎದಿಬಡಿತದ ಗೆರಿ ಎರಡರಾಗೂ ಒಂದ ಐತ್ರಿ. ಫರಕ ಇಲ್ಲ. ಇಲ್ಲಿ ನೋಡ್ರಿ, ಒಂದೊಂದು ಬಡಿತದ ಕಡೀಕ ಒಂದು ಸಣ್ಣ ದಿಬ್ಬ ಇರಬೇಕು. ಈಕಿದು ದಿಬ್ಬ ಅಲ್ಲ, ತೆಗ್ಗು ಐತಿ. ಮಂದಿಗೆ ಹಿಂಗ ಬಂದ್ರ ನಾವು ಅಂಜತೀವಿ."

"ಮತ್ತ ನಮ್ಮ ಹುಡುಗಿಗೆ ಯಾಕ ಅಂಜೂದಿಲ್ಲ?"

ಹೊಂಬಳರು ಬಿಡಿಸಿ ಹೇಳಿದರು. ಸಿದ್ದಿಗಳ ಪೂರ್ವಜರಂತೆ ಆಫ್ರಿಕಾ ಮೂಲದ ಆಟಗಾರರಲ್ಲಿ ಕೆಲವರಿಗೆ ಕಾಯಿಲೆ ಇಲ್ಲದೆಯೂ ಆ ದಿಬ್ಬ ತಲೆಕೆಳಗಾಗುವುದುಂಟು. ಹಿಂದೆ ಇದು ತಿಳಿಯದೆ ಎಷ್ಟೋ ಗಟ್ಟಿ ಆಟಗಾರರನ್ನು ರೋಗಿಗಳೆಂದು ಮನೆಗೆ ಕಳಿಸಿಬಿಟ್ಟಿದ್ದರು. ಆ ಅನ್ಯಾಯ ತಪ್ಪಿಸಲೆಂದು ಯಂತ್ರಕ್ಕೆ ಪಾಠ ಹೇಳಿಕೊಟ್ಟರು: ಮೊದಲು ಮುಖ ನೋಡು, ಗುಂಪು ಗೊತ್ತುಮಾಡು, ಆಮೇಲೆ ಆ ಗುಂಪಿನ ಲಕ್ಷಾಂತರ ಹೃದಯಗಳ ಜೊತೆ ಹೋಲಿಸು, ಗುಂಪು ನಾಲ್ಕರವರಲ್ಲಿ ತೆಗ್ಗು ಕಂಡರೆ ಸುಮ್ಮನಿರು. ಯಂತ್ರ ಬಹಳ ವಿಧೇಯ. ಸುಮ್ಮನಿತ್ತು. ನಿಜವಾದ ಕಾಯಿಲೆಯ ತೆಗ್ಗು ಬಂದರೂ ಸುಮ್ಮನಿತ್ತು.

"ಹಂಗಾದ್ರ ಇದು ಕಾಯಿಲಿ ತೆಗ್ಗೋ, ಬರೇ ತೆಗ್ಗೋ?"

"ಅದನ್ನ ದೊಡ್ಡ ಸ್ಕ್ಯಾನ್ ಮಾಡಿ ನೋಡಬೇಕು. ನನಗ ಸಂಶೇ ಐತಿ. ಆದ್ರ ಕೆಂಪು ದೀಪ ಬರಲಾರದ ಆಟಗಾರರಿಗೆ ನಾ ಸ್ಕ್ಯಾನ್ ಮಾಡೂಹಂಗಿಲ್ಲ. ರೂಲ್ ಐತಿ."

"ಕೆಂಪು ಬಂದಿತ್ತಲ್ರೀ ಮುಂಜಾನೆ!"

"ಅದನ್ನ ಕ್ಯಾನ್ಸಲ್ ಮಾಡ್ಯಾರಲ್ರೀ" ಎಂದು ಹೊಂಬಳರು ಕೈಚೆಲ್ಲಿದರು.

ಸಂಜೆ ಜೂಲಿಯಾನಾ ಮಾದೇವಿಯನ್ನು ತನ್ನ ಕ್ವಾರ್ಟರ್ಸಿಗೆ ಊಟಕ್ಕೆ ಕರೆದಳು. ರೊಟ್ಟಿ ಬಡಿಯುತ್ತ, ಏನೂ ಅರಿಯದವಳಂತೆ ಕೇಳಿದಳು.

"ಓಡೂಮುಂದ ಎಂದರ ಕಣ್ಣಿಗೆ ಕತ್ತಲಿ ಬಂದೈತೇನು?"

ಮಾದೇವಿ ಮದುವೆಮನೆಯಿಂದ ತಂದ ಲಾಡು ಮುರಿಯುತ್ತ ಕುಳಿತಳು.

"ಕೇಳಿದ್ದು ಕೇಳಿಸ್ತೋ ಇಲ್ಲೋ?"

"ಎರಡು ಸಲ ಬಂದೈತ್ರಿ. ಕಡೀ ತಿರುವಿನ್ಯಾಗ. ಎದಿಯಾಗ ಮೀನ ಒದ್ದಾಡಿದಂಗ ಆಗತೈತಿ. ಆಮ್ಯಾಲ ಸರಿ ಆಗತೈತಿ."

"ಮತ್ತ ಹೇಳಲಿಲ್ಲಲ್ಲ?"

"ಹಸಿರು ಇತ್ತಲ್ರೀ! ಎಲ್ಲಾರೂ ಸಿದ್ದಿಗಳ ಗುಂಡಿಗಿ ಗಟ್ಟಿ ಅಂತಾರ. ನಂದಷ್ಟ ಹ್ಯಾಂಗ ಕೆಟ್ಟಿರತೈತಿ?"

ಹೆಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು. ಜೂಲಿಯಾನಾ ಅದನ್ನು ತೆಗೆಯುವುದನ್ನೂ ಮರೆತು ನಿಂತಳು. ಮನೆಯಲ್ಲಿ ಯಾರಿಗಾದರೂ ಹೀಗೆ ಆಗಿತ್ತೇ ಎಂದು ಕೇಳಿದಳು. ಸೋದರಮಾವ ವಾಲಿಬಾಲ್ ಆಡುತ್ತ ಆಡುತ್ತಲೇ ಬಿದ್ದು ಸತ್ತನಂತೆ. ವಯಸ್ಸು ಇಪ್ಪತ್ತಾರು. ಗಾಳಿ ಬಡಿಯಿತು ಎಂದು ಊರವರು ಅಂದರಂತೆ.

"ರವಿವಾರ ಟ್ರಯಲ್ಸಿಗೆ ನೀ ಓಡೂದ ಬ್ಯಾಡ" ಎಂದಳು ಜೂಲಿಯಾನಾ.

ಮಾದೇವಿಯ ಮುಖ ಕಲ್ಲಾಯಿತು. ಭಾನುವಾರದ ಆಯ್ಕೆ ಓಟದಲ್ಲಿ ಗೆದ್ದವರಿಗೆ ರಾಷ್ಟ್ರೀಯ ಶಿಬಿರ, ಹಿಂದೆಯೇ ರೈಲ್ವೆಯಲ್ಲಿ ನೌಕರಿ. "ನೀವು ನಿಲ್ಲಸಾಕ ಬರೂದಿಲ್ರೀ ಅಕ್ಕೋರ. ಹಸಿರು ಇದ್ದವರನ್ನ ಕೋಚ್ ತಡೀಬಾರದಂತ ರೂಲ್ ಐತಿ. ಹೊರಗ ಎಲ್ಲೂ ತೋರಸಾಕೂ ನಾ ಬರೂದಿಲ್ಲ. ನನ್ನ ಹಸಿರು ಕಸ್ಕೋಬ್ಯಾಡ್ರಿ" ಎಂದು ತಟ್ಟೆ ಸರಿಸಿ ಎದ್ದುಹೋದಳು.

ಹೌದು, ಹಾಗೊಂದು ನಿಯಮವೂ ಇತ್ತು. ತರಬೇತುದಾರರು ತಮಗಾಗದವರನ್ನು ಕಾಯಿಲೆಯ ನೆಪ ಹೇಳಿ ಕೂರಿಸುತ್ತಾರೆಂದು ಮಾಡಿದ ನಿಯಮ. ಎಲ್ಲ ನಿಯಮಗಳೂ ಒಳ್ಳೆಯದಕ್ಕೇ ಹುಟ್ಟಿದವು. ಅವೆಲ್ಲ ಸೇರಿ ಒಂದು ಹುಡುಗಿಯನ್ನು ಸಾವಿನ ಗೆರೆಯ ಮೇಲೆ ತಂದು ನಿಲ್ಲಿಸಿದ್ದವು, ಅಷ್ಟೇ. ಜೂಲಿಯಾನಾ ಸುಟ್ಟ ರೊಟ್ಟಿಯನ್ನು ಎತ್ತಿ ಹಿತ್ತಿಲಿಗೆ ಎಸೆದಳು.

ಶುಕ್ರವಾರ ಅವಳು ಬೆಂಗಳೂರಿನ ಕೇಂದ್ರದಲ್ಲಿದ್ದಳು. ಗೋಡೆಯ ತುಂಬ ಪರದೆಗಳು, ಪರದೆಗಳ ತುಂಬ ಸಣ್ಣ ಹಸಿರು ಚುಕ್ಕೆಗಳು. ಒಂದೊಂದು ಚುಕ್ಕೆಯೂ ಎಲ್ಲೋ ಓಡುತ್ತಿರುವ, ಜಿಗಿಯುತ್ತಿರುವ ಒಬ್ಬೊಬ್ಬ ಆಟಗಾರ. ಕಣ್ಣಿಗೆ ತಂಪಾಗಲೆಂದು ದೀಪಗಳನ್ನೆಲ್ಲ ಮಂದ ಮಾಡಿದ್ದರು. ಕೇಂದ್ರದ ನಿರ್ದೇಶಕರು ಎದ್ದು ನಿಂತು ನಮಸ್ಕಾರ ಮಾಡಿ, ಕಾಫಿ ತರಿಸಿ, ಇವಳು ಹೇಳಿದ್ದನ್ನೆಲ್ಲ ತಲೆಯಾಡಿಸುತ್ತ ಕೇಳಿದರು.

"ನಿಮ್ಮ ಕಾಳಜಿ ಅರ್ಥ ಆಗತ್ತಮ್ಮ. ಆದ್ರೆ ನಮ್ಮದು ವರ್ಣಭೇದ ಮಾಡದ ವ್ಯವಸ್ಥೆ. ನಿಮ್ಮವರಿಗೆ ಅನ್ಯಾಯ ಆಗ್ಬಾರದು ಅಂತಾನೇ ಪ್ರತ್ಯೇಕ ಗುಂಪು ಇಟ್ಟಿರೋದು."

"ಹೋಲಿಸಾಕ ಆ ಗುಂಪಿನ್ಯಾಗ ಇಟ್ಟ ಮಂದಿಯೊಳಗ ಸಿದ್ದಿಗಳು ಎಷ್ಟು ಅದಾರ್ರೀ ಸರ?"

ನಿರ್ದೇಶಕರು ಸುಮುಖನ ಕಡೆ ನೋಡಿದರು. ಸುಮುಖ ಕೀಲಿಮಣೆ ಕುಟ್ಟಿದ. "ಎಲ್ಲಾ ಹೊರದೇಶದ ಆಟಗಾರರು ಸಾರ್. ಸಿದ್ದಿಗಳು... ಇಲ್ಲ."

"ಒಬ್ಬರೂ?"

"ಒಬ್ಬರೂ ಇಲ್ಲ ಮೇಡಂ."

"ನಾವು ಈ ನೆಲಕ್ಕ ಬಂದು ನಾನೂರು ಐನೂರು ವರ್ಷ ಆತು. ನಮ್ಮ ಅಜ್ಜಿ ಮರಾಠಿ ಮಾತಾಡ್ತಿದ್ಲು, ನಾ ಕೊಂಕಣಿಯಾಗ ಪ್ರಾರ್ಥನಾ ಮಾಡ್ತೀನಿ, ಆ ಹುಡುಗಿ ಕರಿಯಮ್ಮಗ ಕಾಯಿ ಒಡೀತಾಳ. ನಮ್ಮ ರಕ್ತದಾಗ ಯಾರ್ಯಾರು ಕೂಡ್ಯಾರ ಅಂತ ನಮಗ ಗೊತ್ತಿಲ್ಲ. ನಿಮ್ಮ ಮಷಿನ್ನಿಗೆ ಒಂದ ನೋಟದಾಗ ಹ್ಯಾಂಗ ಗೊತ್ತಾತು?"

"ಮುಖಲಕ್ಷಣ, ಮೂಳೆರಚನೆ, ನೂರಾರು ಅಂಶ ನೋಡತ್ತೆ. ಬರೀ ಬಣ್ಣ ಅಲ್ಲ" ಎಂದರು ನಿರ್ದೇಶಕರು. "ನೋಡಿ, ಬೇಕಾದ್ರೆ ಪರೀಕ್ಷೆ ಮಾಡಿ ತೋರಿಸ್ತೀನಿ. ಸುಮುಖ, ಹೋಗಿ ನಿಲ್ಲಪ್ಪ."

ಸುಮುಖ ರಾಯಚೂರಿನ ಹುಡುಗ, ಎಣ್ಣೆಗಪ್ಪು. ಆ ಮಬ್ಬು ಬೆಳಕಿನಲ್ಲಿ ಹೋಗಿ ಮಾದರಿ ಗೇಟಿನ ಮುಂದೆ ನಿಂತ. ಗೇಟು ಅವನನ್ನು ಮೇಲಿಂದ ಕೆಳಗೆ ನೋಡಿ ಬರೆಯಿತು: 'ಗುಂಪು ನಾಲ್ಕು. ಆಫ್ರಿಕಾ ಮೂಲ.'

ಜೂಲಿಯಾನಾ ತಡೆಯಲಾರದೆ ನಕ್ಕುಬಿಟ್ಟಳು. "ಬಾ ತಮ್ಮಾ, ನಮ್ಮ ಮಂದಿನ ನೀನು. ನಮ್ಮ ಕಡೆ ಛಲೋ ಹುಡುಗ್ಯಾರ ಅದಾರ."

"ಲೈಟಿಂಗ್ ಪ್ರಾಬ್ಲಮ್" ಎಂದರು ನಿರ್ದೇಶಕರು. ತಜ್ಞರ ಸಮಿತಿಯ ಮುಂದೆ ವಿಷಯ ಇಡುವುದಾಗಿ ಹೇಳಿದರು. ಸಮಿತಿ ಯಾವಾಗ ಸೇರುತ್ತದೆ ಎಂದು ಕೇಳಿದ್ದಕ್ಕೆ ಮೂರು ತಿಂಗಳಿಗೊಮ್ಮೆ ಎಂದರು. ಟ್ರಯಲ್ಸ್ ಇದ್ದದ್ದು ನಾಳಿದ್ದು. ಇಂಥವರ ಮೇಲೆ ಸಿಟ್ಟು ಮಾಡುವುದೂ ಕಷ್ಟ. ಕೂಗಿದರೆ ಇನ್ನೊಂದು ಕಾಫಿ ತರಿಸುತ್ತಾರೆ. ಮರಳುವ ರೈಲಿನಲ್ಲಿ ಜೂಲಿಯಾನಾ ಹಲ್ಲು ಕಚ್ಚಿಕೊಂಡು ಕುಳಿತಳು. ಅರಸೀಕೆರೆ ದಾಟುವ ಹೊತ್ತಿಗೆ ಸಿಟ್ಟು ಹೋಗಿ ಅಳು ಬಂತು.

ಶನಿವಾರ ಮಧ್ಯಾಹ್ನ ಸುಮುಖನ ಫೋನ್ ಬಂತು. ದನಿ ತಗ್ಗಿಸಿ ಮಾತಾಡುತ್ತಿದ್ದ.

"ಮೇಡಂ, ಕ್ಯಾನ್ಸಲ್ ಆದ ರಿಪೋರ್ಟ್ ವಾಪಸ್ ತರೋಕಾಗಲ್ಲ. ಮಾದೇವಿ ಒಬ್ಬಳನ್ನೇ ಗುಂಪಿನಿಂದ ತೆಗೆಯೋಕೆ ನನ್ನಿಂದ ಆಗಲ್ಲ. ಆದ್ರೆ ಹೆಸರಿನ ಕೊನೆಗೆ ಸಿದ್ದಿ ಅಂತ ಇರೋರನ್ನೆಲ್ಲ ಸೇರಿಸಿ ಹೊಸ ಗುಂಪು ಮಾಡಬಹುದು. ಅದರಲ್ಲಿ ಹೋಲಿಸೋಕೆ ಒಂದು ಹೃದಯಾನೂ ಇರಲ್ಲ. ಹೋಲಿಸೋಕೆ ಏನೂ ಇಲ್ಲದಿದ್ರೆ ಯಂತ್ರ ಕೆಂಪು ಹಾಕತ್ತೆ. ಕೆಂಪು ಬಿದ್ರೆ ಸ್ಕ್ಯಾನ್ ಆಗ್ಲೇಬೇಕು."

"ಎಲ್ಲಾರಿಗೂ ಕೆಂಪು?"

"ಎಲ್ಲರಿಗೂ. ನಾಳೆ ಒಬ್ಬ ಸಿದ್ದಿನೂ ಟ್ರಯಲ್ಸಲ್ಲಿ ಆಡೋಕಾಗಲ್ಲ. ಮಾಡಲಾ, ಬೇಡವಾ? ನೀವು ಹೇಳಿ."

ಅಯ್ಯೋ ದೇವರೇ, ಕೊಟ್ಟರೆ ಇಂಥ ಉಪಾಯವನ್ನೇ ಕೊಡಬೇಕೆ! ವಸತಿಶಾಲೆಯಲ್ಲಿ ಹದಿನಾಲ್ಕು ಸಿದ್ದಿ ಮಕ್ಕಳಿದ್ದರು. ಒಂದೊಂದೂ ಈ ಭಾನುವಾರಕ್ಕಾಗಿ ವರ್ಷಗಟ್ಟಲೆ ಮೈ ಮುರಿದುಕೊಂಡಿತ್ತು. ಒಬ್ಬಳಿಗಾಗಿ ಹದಿಮೂರು ಮಂದಿಯ ಕನಸಿಗೆ ನೀರು ಬಿಡಲು ತಾನು ಯಾರು? ಬಿಡದಿದ್ದರೆ, ನಾಳೆ ಕೊನೆಯ ತಿರುವಿನಲ್ಲಿ ಆ ಹುಡುಗಿ ಬಿದ್ದರೆ? ಜೂಲಿಯಾನಾ ಎಲ್ಲರನ್ನೂ ಮೈದಾನದ ಮರದ ಕೆಳಗೆ ಕೂಡಿಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಮಾದೇವಿ ಎದ್ದು ನಿಂತು ಕಿರುಚಿದಳು. "ನನಗ ಏನೂ ಆಗಿಲ್ಲ! ನನ್ನ ಹೆಸರಿಲೆ ಇವರ ಬಾಯಾಗ ಮಣ್ಣ ಹಾಕಬ್ಯಾಡ್ರಿ."

ಮಕ್ಕಳು ಗುಸುಗುಸು ಶುರುಮಾಡಿದರು. ಒಬ್ಬಳು ಅಳತೊಡಗಿದಳು. ಇನ್ನೊಬ್ಬ, ಮಾದೇವಿ ಒಬ್ಬಾಕೆ ಮನೆಗೆ ಹೋದರಾಯಿತಲ್ಲ ಎಂದ. ಅವಳು ಹೋಗುವುದಿಲ್ಲ ಎಂದದ್ದಕ್ಕೆ ಅವನಿಗೂ ಅವಳಿಗೂ ಕೈಕೈ ಮಿಲಾಯಿಸುವುದೊಂದು ಬಾಕಿ. ಕೊನೆಗೆ ಇಮಾಮ ಮಾತಾಡಿದ. ತ್ರಿವಿಧ ಜಿಗಿತದಲ್ಲಿ ರಾಜ್ಯಕ್ಕೇ ಮೊದಲಿಗ. ನಾಳೆ ಅವನ ಆಯ್ಕೆ ಖಾತ್ರಿ ಎಂದು ಎಲ್ಲರೂ ನಂಬಿದ್ದರು. ಎಲ್ಲರಿಗಿಂತ ಹೆಚ್ಚು ಕಳೆದುಕೊಳ್ಳುವವನು ಅವನೇ.

"ಅಕ್ಕೋರ, ಒಂದು ಮಾತು ಹೇಳ್ರಿ. ಆಕಿದೂ ಹಸಿರ, ನಂದೂ ಹಸಿರ. ಆಕಿ ಹಸಿರು ಸುಳ್ಳಾದ್ರ ನಂದು ಖರೇ ಅಂತ ಹ್ಯಾಂಗ ನಂಬೂದು?"

"ನಂಬಾಕ ಆಗೂದಿಲ್ಲಪ್ಪ" ಎಂದಳು ಜೂಲಿಯಾನಾ.

"ಅಂದ್ರ ಇಷ್ಟು ದಿನ ನಮ್ಮನ್ನ ಯಾರೂ ನೋಡೇ ಇಲ್ಲ." ಇಮಾಮ ಎದುರಿದ್ದ ಕಲ್ಲೊಂದನ್ನು ಎತ್ತಿ ದೂರ ಎಸೆದ. ಸಿಟ್ಟಿನಿಂದ ಅವನ ಮೂಗಿನ ಹೊಳ್ಳೆ ಅರಳಿದ್ದವು. "ಹಾಕಸ್ರಿ ಕೆಂಪು. ಈಕಿ ಸಲುವಾಗಿ ಅಲ್ಲ. ನನ್ನ ಎದಿಯಾಗ ಏನೈತಿ ನನಗ ಗೊತ್ತಾಗಬೇಕು."

ಬೇರೆಯವರು ಒಬ್ಬೊಬ್ಬರಾಗಿ ತಲೆಯಾಡಿಸಿದರು. ಸಂತೋಷದಿಂದ ಅಲ್ಲ. ಮಾದೇವಿ ಯಾರ ಮುಖವನ್ನೂ ನೋಡದೆ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ಜೂಲಿಯಾನಾ ಸುಮುಖನಿಗೆ ಫೋನ್ ಮಾಡಿ "ಹಾಕಪ್ಪ" ಎಂದಳು.

ಭಾನುವಾರ ಬೆಳಿಗ್ಗೆ ಗೇಟಿನ ಮುಂದೆ ನಡೆದದ್ದನ್ನು ಧಾರವಾಡದವರು ಬಹಳ ದಿನ ನೆನೆಯುತ್ತಾರೆ. ಇನ್ನೂ ಹಸಿರಿನ ಆಸೆಯಲ್ಲಿ ಬಂದ ಮಾದೇವಿಯೂ ಸೇರಿ ಒಬ್ಬೊಬ್ಬ ಸಿದ್ದಿ ಹುಡುಗ, ಹುಡುಗಿ ಬಂದು ನಿಂತಂತೆ ಸೈರನ್ ಹೊಡೆದುಕೊಂಡದ್ದೇ ಹೊಡೆದುಕೊಂಡದ್ದು. ಆಯ್ಕೆಗೆ ಬಂದಿದ್ದ ಅಧಿಕಾರಿಗಳು ಕುರ್ಚಿ ಬಿಟ್ಟು ಓಡಿಬಂದರು. ಅವರಲ್ಲಿ ಹಿರಿಯರೊಬ್ಬರು ಬೆವರು ಒರೆಸಿಕೊಳ್ಳುತ್ತ ಜೂಲಿಯಾನಾ ಮೇಲೆ ಹರಿಹಾಯ್ದರು.

"ಏನ್ರೀ ಇದು! ಎಲ್ಲರಿಗೂ ಒಂದೇ ದಿನ ಹೃದಯದ ಕಾಯಿಲೆ ಬಂತಾ? ಇದನ್ನ ಯಾರಾದ್ರೂ ನಂಬ್ತಾರಾ?"

"ಮೊನ್ನಿತನಕ ಎಲ್ಲಾರೂ ಆರಾಮ ಅದಾರ ಅಂತಿತ್ತಲ್ರೀ. ಅದನ್ನ ಹ್ಯಾಂಗ ನಂಬಿದ್ರಿ?" ಎಂದಳು ಜೂಲಿಯಾನಾ.

ಕೆಂಪು ದೀಪ ಬಿದ್ದಮೇಲೆ ಆಂಬುಲೆನ್ಸ್ ಬರಲೇಬೇಕು, ಬಂತು. ಹದಿನಾಲ್ಕು ಮಂದಿ ಹಿಡಿಸಲಾರದೆ ವಸತಿಶಾಲೆಯ ಬಸ್ಸೂ ಹೊರಟಿತು. ಬಸ್ಸಿನ ಕಿಟಕಿಯಿಂದ ಮಕ್ಕಳಿಗೆ ಮೈದಾನದ ಧ್ವನಿವರ್ಧಕ ಬೇರೆಯವರ ಹೆಸರು ಕೂಗುವುದು ಕೇಳಿಸುತ್ತಿತ್ತು. ಇಮಾಮ ಕಿವಿ ಮುಚ್ಚಿಕೊಂಡು ಕುಳಿತ. ಜೂಲಿಯಾನಾ ಹೋಗಿ ಅವನ ಪಕ್ಕದಲ್ಲಿ ಕುಳಿತಳು.

ಡಾಕ್ಟರು ಹೊಂಬಳ ಮೊದಲು ಮಾದೇವಿಯನ್ನು ಒಳಗೆ ಕರೆದರು. ಉಳಿದವರ ಸರದಿ ಮುಗಿಯಲು ಎರಡು ದಿನ ಹಿಡಿಯಿತು. ಹದಿಮೂರು ಮಂದಿಯಲ್ಲಿ ನಾಲ್ವರ ಗೆರೆಯಲ್ಲಿ ಅದೇ ತೆಗ್ಗು ಇತ್ತು, ಇಮಾಮನದೂ ಸೇರಿ. ಆದರೆ ಹೃದಯಗಳು ಗಟ್ಟಿಯಾಗಿದ್ದವು. ಮಾದೇವಿಯದು ಹಾಗಿರಲಿಲ್ಲ. ಹೃದಯದ ಬಲಭಾಗದ ಸ್ನಾಯು ಅಲ್ಲಲ್ಲಿ ಕೊಬ್ಬಾಗಿ ಹೋಗಿತ್ತು. ಮನೆತನದಲ್ಲಿ ಹರಿದುಬರುವ ಕಾಯಿಲೆ, ಓಡಿದಷ್ಟೂ ಬೆಳೆಯುತ್ತದೆ.

"ರವಿವಾರ ಓಡಿದ್ದಿ ಅಂದ್ರ ಉಳೀತಿದ್ದಿ ಅಂತ ನಾ ಹೇಳೂದಿಲ್ಲವಾ" ಎಂದರು ಹೊಂಬಳರು. "ಎದಿಯಾಗ ಒಂದು ಸಣ್ಣ ಯಂತ್ರ ಕೂಡ್ರಸ್ತೀವಿ. ಬಡಿತ ತಪ್ಪಿದ್ರ ಅದು ಸರಿ ಮಾಡತೈತಿ. ಗಂಡ, ಮಕ್ಕಳು, ನೌಕರಿ, ಎಲ್ಲಾ ಆಗತೈತಿ."

"ಓಡೂದು?" ಎಂದಳು ಮಾದೇವಿ.

"ಅದೊಂದು ಇಲ್ಲ."

ಅವಳು ಗೋಡೆಯ ಕಡೆ ಹೊರಳಿ ಮಲಗಿದಳು. ಜೂಲಿಯಾನಾ ಮಂಚದ ಪಕ್ಕ ಸ್ಟೂಲಿನ ಮೇಲೆ ಕುಳಿತೇ ಇದ್ದಳು. ಹುಡುಗಿ ಬದುಕಿದಳಲ್ಲ ಎಂಬ ಸಂತೋಷ ಎದೆಯ ತುಂಬ ಇತ್ತು. ಅದನ್ನು ಅವಳ ಮುಂದೆ ತೋರಿಸಲು ನಾಚಿಕೆಯಾಗುತ್ತಿತ್ತು.

ಶಸ್ತ್ರಚಿಕಿತ್ಸೆ ಮುಗಿದು ಮೂರನೆಯ ದಿನ. ಇಮಾಮ ಮತ್ತು ಬೇರೆ ಮಕ್ಕಳು ನೋಡಲು ಬಂದಿದ್ದರು. ಎಲ್ಲರೂ ಮೂಸಂಬಿ ಸುಲಿಯುತ್ತ ನಿಂತಿದ್ದರು. ಆಗ ಒಮ್ಮೆಗೇ ಎಲ್ಲರ ಎದೆಪಟ್ಟಿಗಳೂ ಕುಂಯ್ ಎಂದವು. ಮಂಚದ ಬದಿಯ ಕಪಾಟಿನಲ್ಲಿ ಬಿಚ್ಚಿಟ್ಟಿದ್ದ ಮಾದೇವಿಯ ಪಟ್ಟಿಯೂ ಕುಂಯ್ ಎಂದಿತು. ಜೂಲಿಯಾನಾಳ ಫೋನಿಗೆ ಕೇಂದ್ರದ ಸಂದೇಶ ಬಂದಿತ್ತು. ತಾಂತ್ರಿಕ ದೋಷವನ್ನು ಸರಿಪಡಿಸಲಾಗಿದೆ. ಕಾರಣನಾದ ನೌಕರನ ಮೇಲೆ ಕ್ರಮ ಕೈಗೊಳ್ಳಲಾಗಿದೆ. ಎಲ್ಲ ಸಿದ್ದಿ ಆಟಗಾರರನ್ನೂ ಮೊದಲಿನಂತೆ ಗುಂಪು ನಾಲ್ಕಕ್ಕೆ ಸೇರಿಸಲಾಗಿದೆ. ಆಗಿರುವ ತೊಂದರೆಗೆ ವಿಷಾದಿಸುತ್ತೇವೆ.

ಮಾದೇವಿ ಕೈಚಾಚಿ ತನ್ನ ಪಟ್ಟಿಯನ್ನು ತೆಗೆದುಕೊಂಡಳು. ಅದರ ಮೇಲೆ ಹಸಿರು ದೀಪ ಹತ್ತಿತ್ತು. ಕೆಳಗೆ ಪುಟ್ಟ ಅಕ್ಷರಗಳು ಓಡುತ್ತಿದ್ದವು: 'ಮಾದೇವಿ ಸಿದ್ದಿ. ಹೃದಯ ಸಹಜ. ಅಭಿನಂದನೆಗಳು.'

ಅವಳು ಅದನ್ನು ಎರಡು ಸಲ ಓದಿದಳು. ಆಮೇಲೆ ಹೊಲಿಗೆ ಹಾಕಿದ ಎದೆಯನ್ನು ಒಂದು ಕೈಯಲ್ಲಿ ಒತ್ತಿ ಹಿಡಿದುಕೊಂಡು, ಇಷ್ಟು ದಿನದಲ್ಲಿ ಮೊದಲ ಸಲ ಜೂಲಿಯಾನಾಳ ಮುಖ ನೋಡಿ ಮಾತಾಡಿದಳು.

"ಅಕ್ಕೋರ, ಇದು ಈಗೂ ನನಗ ಓಡು ಅನ್ನಾಕತ್ತೈತ್ರಿ."